ಎಲಿಜಬೆತ್ ಗ್ಯಾಸ್ಕೆಲ್ ಬದುಕನ್ನು ನಾನು ಬರೆದ ಬಗೆ

ಮ್ಯಾಂಚೆಸ್ಟರಿನಲ್ಲಿದ್ದ, ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಬಗ್ಗೆ ಕನ್ನಡದಲ್ಲಿ ಒಂದು ಜೀವನಚಿತ್ರ ಬರೆಯಲು ಹೊರಟಾಗ ನಾನು ಹುಟ್ಟು, ಮದುವೆ, ಮಕ್ಕಳು ಅಂತ ಶುರು ಮಾಡಲಿಲ್ಲ. ಅವರೇ ಬರೆದ, 'ಜೇನ್ ಏರ್' ಕಾದಂಬರಿಯ ಲೇಖಕಿ ಷಾರ್ಲೆಟ್ ಬ್ರಾಂಟೆಯ ಜೀವನಚರಿತ್ರೆಯನ್ನು ಮೊದಲು ಓದಿದೆ. ಗೆಳತಿಯ ಬದುಕು ಹೇಳುವಾಗ ಏನು ಹೇಳಿದರು, ಏನು ಬಿಟ್ಟರು ಅಂತ ನೋಡಿದರೆ ಹೇಳಿದವರ ಸ್ವಭಾವವೂ ತಿಳಿಯುತ್ತದೆ ಅಲ್ವಾ?

ಷಾರ್ಲೆಟ್ 1855ರಲ್ಲಿ ತೀರಿಕೊಂಡರು. ಅವರ ತಂದೆಯೇ ಕೇಳಿಕೊಂಡಿದ್ದರಿಂದ ಗ್ಯಾಸ್ಕೆಲ್ ಈ ಕೆಲಸ ಹಿಡಿದರು. 1857ರಲ್ಲಿ ಪುಸ್ತಕ ಬಂತು. ಷಾರ್ಲೆಟ್‌ನ ತಮ್ಮ ಬ್ರ್ಯಾನ್‌ವೆಲ್ ಹಾಳಾಗಲು ಅವನು ಪಾಠ ಹೇಳುತ್ತಿದ್ದ ಮನೆಯ ಒಡತಿಯೇ ಕಾರಣ ಅಂತ ಅದರಲ್ಲಿತ್ತು. ಆಕೆಯ ಕಡೆಯವರು ಕೋರ್ಟಿಗೆ ಹೋಗುತ್ತೇವೆ ಅಂದರು. ಗ್ಯಾಸ್ಕೆಲ್ ಆಗ ಊರಲ್ಲಿರಲಿಲ್ಲ. 'ದಿ ಟೈಮ್ಸ್' ಪತ್ರಿಕೆಯಲ್ಲಿ ಮಾತು ಹಿಂತೆಗೆದುಕೊಂಡದ್ದಾಯಿತು, ಮಾರದೆ ಉಳಿದ ಪ್ರತಿಗಳನ್ನು ವಾಪಸು ತರಿಸಿದ್ದಾಯಿತು. ಅದೇ ವರ್ಷ ತಿದ್ದಿದ ಮೂರನೇ ಆವೃತ್ತಿ ಬಂತು. ಮೊದಲ ಆವೃತ್ತಿ, ಮೂರನೇ ಆವೃತ್ತಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ್ದೇ ನನಗೆ ಜಾಸ್ತಿ ಕಲಿಸಿತು. ಕಾನೂನಿಗೆ ಹೆದರಿ ತೆಗೆದದ್ದು ಯಾವುದು, ತಾವಾಗಿಯೇ ಮೊದಲೇ ಬಿಟ್ಟದ್ದು ಯಾವುದು ಅಂತ ಬೇರೆ ಬೇರೆ ಗುರುತು ಹಾಕಿಕೊಂಡೆ.

ತಾವಾಗಿ ಬಿಟ್ಟದ್ದರಲ್ಲಿ ದೊಡ್ಡದು ಬ್ರಸೆಲ್ಸ್‌ನ ಮೇಷ್ಟ್ರು ಎಜೆ ಮೇಲೆ ಷಾರ್ಲೆಟ್‌ಗಿದ್ದ ಪ್ರೀತಿ. ಅವರು ಹೆಂಡತಿ ಮಕ್ಕಳಿದ್ದವರು. ಗ್ಯಾಸ್ಕೆಲ್ ಅಲ್ಲಿಗೇ ಹೋಗಿ ಅವರನ್ನು ಕಂಡಿದ್ದರು, ಆದರೂ ಈ ಪ್ರೀತಿಯ ಬಗ್ಗೆ ಬರೆಯಲಿಲ್ಲ. ಷಾರ್ಲೆಟ್ ಎಜೆಗೆ ಬರೆದ ಪತ್ರಗಳು ಜನರ ಮುಂದೆ ಬಂದದ್ದು 1913ರಲ್ಲಿ. ಷಾರ್ಲೆಟ್‌ನ ಗಂಡ, ತಂದೆ ಇಬ್ಬರೂ ಬದುಕಿದ್ದಾಗ ಬರೆದ ಪುಸ್ತಕ ಅದು. ನಾನಾಗಿದ್ದರೂ ಬಿಡುತ್ತಿದ್ದೆ.

ಗ್ಯಾಸ್ಕೆಲ್ ತಮ್ಮ ವಿಷಯದಲ್ಲಿ ಇನ್ನೂ ಬಿಗಿ. ಪತ್ರಗಳನ್ನು ಸುಟ್ಟುಬಿಡು ಅಂತ ದೊಡ್ಡ ಮಗಳಿಗೆ ಬರೆಯುತ್ತಿದ್ದರು. ಉಳಿದವು 1966ರಲ್ಲಿ ಅಚ್ಚಾದವು. ಸುಡು ಅಂದವರ ಪತ್ರ ಓದುವಾಗ ಒಂದು ಕಟ್ಟಳೆ ಹಾಕಿಕೊಂಡೆ: ಅವರ ಬರವಣಿಗೆಗೆ ಬೆಳಕು ಚೆಲ್ಲುವುದನ್ನು ಮಾತ್ರ ಬಳಸುವುದು, ಮನೆಯೊಳಗಿನ ಮುನಿಸುಗಳನ್ನು ಬಿಡುವುದು.

ಹಾಗೆ ಉಳಿಸಿಕೊಂಡ ಒಂದು ಪತ್ರ 1857ರ ಡಿಸೆಂಬರಿನದು, ಅಮೆರಿಕದ ಗೆಳೆಯರಿಗೆ ಬರೆದದ್ದು. ತಿಂಡಿಯಾದ ಮೇಲೆ ಏನೇನು ಮಾಡಿದೆ ಅಂತ ಅದರಲ್ಲಿ ಹೇಳುತ್ತಾ ಹೋಗುತ್ತಾರೆ. ಮಾಂಸ ಎಷ್ಟು ಹೊತ್ತು ಬೇಯಬೇಕು, ಮ್ಯಾಂಚೆಸ್ಟರಿನ ಹೊಗೆಯಲ್ಲಿ ಯಾವ ಹೂಗಿಡ ಬದುಕುತ್ತದೆ, ಲಂಗದ ಉದ್ದ ಎಷ್ಟಿರಬೇಕು, ಹುಡುಗಿಯರ ಬಟ್ಟೆ, ಬಡಕಲು ಹಸುಗಳ ಮಾರಾಟ. ನಡುವೆ ಪಕ್ಕದ ಮನೆಯವರು ಕೊಟ್ಟ, ಭಾರತದ ಸೈನ್ಯದ ಸ್ಥಿತಿಗತಿ ಕುರಿತ ಪತ್ರಗಳನ್ನೂ ಓದಿ ಹಿಂತಿರುಗಿಸಿದ್ದಾರೆ. ಇಷ್ಟಾದರೂ ಇನ್ನೂ ಹತ್ತೂವರೆ ಆಗಿಲ್ಲವಂತೆ! 'ಪಾದ್ರಿಯ ಹೆಂಡತಿ, ಬಿಡುವಿದ್ದಾಗ ಬರೆದವರು' ಅನ್ನುವ ಮಾತು ಎಷ್ಟು ಪೊಳ್ಳು ಅಂತ ತೋರಿಸಲು ಇದೊಂದೇ ಸಾಕು. ಬಿಡುವು ಎಲ್ಲಿತ್ತು? ಊಟದ ಮೇಜಿನ ಮೇಲೇ ಬರೆಯುತ್ತಿದ್ದರು. ನನ್ನ ಬರಹದ ನಡುಭಾಗಕ್ಕೆ ಈ ಪತ್ರವನ್ನೇ ಇಟ್ಟೆ. ಕಾದಂಬರಿಗಳ ಕಥಾಸಾರವನ್ನು ಬೇಕಂತಲೇ ಚಿಕ್ಕದಾಗಿಸಿದೆ.

ನಮ್ಮ ಓದುಗರಿಗಾಗಿ ಒಂದು ಪ್ಯಾರಾ ಸೇರಿಸಿದೆ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತು 1862ರಲ್ಲಿ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳ ಕೆಲಸಗಾರರು ಉಪವಾಸ ಬಿದ್ದಾಗ ಗ್ಯಾಸ್ಕೆಲ್ ಮತ್ತು ಹೆಣ್ಣುಮಕ್ಕಳು ದಣಿಯುವ ತನಕ ಪರಿಹಾರದ ಕೆಲಸ ಮಾಡಿದರು. ಅದೇ ಹೊತ್ತಿಗೆ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು, ಅದನ್ನು ಆ ಗಿರಣಿಗಳಿಗೆ ಸಾಗಿಸಲೆಂದು ಕಾರವಾರದಲ್ಲಿ ಬಂದರಿನ ಕೆಲಸಕ್ಕೆ ಕೈಹಾಕಿದರು.