ಖಾಲಿ ಸೈಟ್ ಕಸದ ಗುಂಡಿ ಆಗದ ಹಾಗೆ ನೋಡಿಕೊಳ್ಳುವುದು ಹೇಗೆ

ಮೈಸೂರಿನ ವಿಜಯನಗರದ ಕಡೆ ನಮ್ಮದೊಂದು 30×40 ಸೈಟ್ ಇದೆ. ನಾವಿರುವುದು ಬೆಂಗಳೂರಿನಲ್ಲಿ. ವರ್ಷಕ್ಕೊಮ್ಮೆ ಕಂದಾಯ ಕಟ್ಟುತ್ತಿದ್ದೆವು. ದಸರಾಕ್ಕೆ ಹೋದಾಗ ಕಾರಿನಿಂದಲೇ ಒಂದು ಸಲ ನೋಡಿ ಬರುತ್ತಿದ್ದೆವು. 2024ರ ಜುಲೈನಲ್ಲಿ ಪಕ್ಕದ ಮನೆಯ ಅಜ್ಜಿ ಫೋನ್ ಮಾಡಿದರು. "ಮೊಮ್ಮಗಳಿಗೆ ಡೆಂಗಿ ಆಗಿದೆಯಮ್ಮ, ಆಸ್ಪತ್ರೆಗೆ ಸೇರಿಸಿದ್ದೀವಿ. ಬೈಯೋಕೆ ಅಂತ ಮಾಡಿಲ್ಲ. ಒಂದ್ಸಲ ಬಂದು ನಿಮ್ಮ ಸೈಟ್ ನೋಡಿಕೊಂಡು ಹೋಗಿ."

ಮಾರನೇ ದಿನವೇ ಹೋದೆ. ಎದೆಮಟ್ಟಕ್ಕೆ ಕಾಂಗ್ರೆಸ್ ಗಿಡ ಬೆಳೆದಿತ್ತು. ಅದರೊಳಗೆ ಎಳನೀರು ಬುರುಡೆ, ಬಣ್ಣದ ಡಬ್ಬ, ಎರಡು ಟೈರು, ಯಾರದೋ ಹಳೇ ಮನೆ ಒಡೆದ ಇಟ್ಟಿಗೆ ಚೂರು. ಟೈರಿನೊಳಗಿನ ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಆಡುತ್ತಿದ್ದವು. ಆ ಕಸ ಹಾಕಿದ್ದು ನಾನಲ್ಲ, ನಿಜ. ಆದರೆ ನೀರು ನಿಂತಿದ್ದು ನಮ್ಮ ಜಾಗದಲ್ಲಿ. ನಿಮಗೂ ದೂರದ ಊರಿನಲ್ಲಿ ಸೈಟ್ ಇದ್ದರೆ, ನಾನು ತಡವಾಗಿ ಕಲಿತದ್ದನ್ನು ನೀವು ಮೊದಲೇ ಮಾಡಿ.

ನಿಯಮದ ವಿಷಯ ಮೊದಲು. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ ಹೊಸ ನಿಯಮ ತಂದಿತು. ಸೊಳ್ಳೆ ಬೆಳೆಯಲು ಬಿಟ್ಟರೆ ದಂಡ. ನಗರದಲ್ಲಿ ಮನೆಗೆ 400 ರೂಪಾಯಿ, ಅಂಗಡಿ-ಹೋಟೆಲಿನಂಥ ಜಾಗಕ್ಕೆ 1,000. ಖಾಲಿ ಸೈಟಿಗೂ, ಕಟ್ಟಡ ಏಳುತ್ತಿರುವ ಜಾಗಕ್ಕೂ 2,000. ಹಳ್ಳಿಯಲ್ಲಿ ಇದರ ಅರ್ಧ. ಮನೆಗಿಂತ ಖಾಲಿ ಜಾಗಕ್ಕೇ ಜಾಸ್ತಿ ಇಟ್ಟಿರುವುದು ಸರಿ ಎಂದೇ ನನಗೆ ಅನ್ನಿಸುತ್ತದೆ. ಮನೆಯಲ್ಲಿ ನೀರು ನಿಂತರೆ ಯಾರಾದರೂ ನೋಡುತ್ತಾರೆ. ಸೈಟಿನಲ್ಲಿ ನೋಡುವವರು ಯಾರಿದ್ದಾರೆ?

ಇನ್ನು ಬೆಂಕಿ. "ಒಣಗಿದ ಮೇಲೆ ಕಡ್ಡಿ ಗೀರಿಬಿಡಿ ಮೇಡಂ, ಸುಮ್ನೆ ಯಾಕೆ ಖರ್ಚು" ಎಂದು ನನಗೆ ಇಬ್ಬರು ಹೇಳಿದರು. ದಯವಿಟ್ಟು ಅದನ್ನು ಮಾಡಬೇಡಿ. ಬೆಂಗಳೂರಿನ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ 1996ರಲ್ಲಿ ಕಸದ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಕೇಸು ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಬಂತು. 2016ರ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಣ್ಣದಾಗಿ ಸುಟ್ಟರೆ 5,000 ರೂಪಾಯಿ ದಂಡ, ರಾಶಿಗಟ್ಟಲೆ ಸುಟ್ಟರೆ 25,000. ಎಲೆ-ಹುಲ್ಲಿನ ಜೊತೆ ಪ್ಲಾಸ್ಟಿಕ್ಕೂ ಉರಿಯುತ್ತದೆ, ಆ ಹೊಗೆ ಹೋಗುವುದು ಪಕ್ಕದ ಮನೆಯ ಕಿಟಕಿಗೆ.

ಸೈಟಿನಲ್ಲಿ ಮರ ಬೆಳೆದಿದ್ದರೆ ಅದನ್ನೂ ಹಾಗೇ ಕಡಿಸಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ನಮ್ಮದೇ ಜಾಗವಾದರೂ ಹೆಚ್ಚಿನ ಮರಗಳಿಗೆ ಅನುಮತಿ ಬೇಕು. ನಮ್ಮ ಮೂಲೆಯಲ್ಲಿದ್ದ ಹೊಂಗೆಯನ್ನು ಉಳಿಸಿಕೊಂಡೆವು.

ಈಗ ಶುಚಿ ಮಾಡುವ ಕೆಲಸ. ಮೊದಲು ನಾಲ್ಕೂ ಮೂಲೆಯ ಗಡಿಕಲ್ಲಿನ ಫೋಟೋ ತೆಗೆದುಕೊಳ್ಳಿ, ಪಕ್ಕದಲ್ಲೊಂದು ಗೂಟ ಹೊಡೆಸಿ. ಜೆಸಿಬಿ ಒಳಗೆ ಬಂದರೆ ಕಲ್ಲು ಕಿತ್ತು ಬರುವುದು ಒಂದು ನಿಮಿಷದ ಮಾತು, ಆಮೇಲೆ ಸರ್ವೇ ಮಾಡಿಸುವುದು ತಿಂಗಳುಗಟ್ಟಲೆ. ಜೆಸಿಬಿ ಬರುವ ಹಿಂದಿನ ದಿನ ಇಬ್ಬರು ಆಳುಗಳಿಂದ ಗಾಜು, ಟೈರು, ಡಬ್ಬ, ಪ್ಲಾಸ್ಟಿಕ್ ಆರಿಸಿ ತೆಗೆಸಿ. ಅವರಿಗೆ ದಪ್ಪ ಕೈಗವಸು, ಬೂಟು ನೀವೇ ಕೊಡಿ. ರಾಶಿಯಲ್ಲಿ ಡಯಾಪರ್ ಇರುತ್ತದೆ, ಸೂಜಿ ಇರುತ್ತದೆ. ಬರಿಗೈಯಲ್ಲಿ ಯಾರೂ ಅದನ್ನು ಮುಟ್ಟಬಾರದು. ಹಾವು ಕಂಡರೆ ಹೊಡೆಯಬೇಡಿ, ಹಿಡಿಯುವವರನ್ನು ಕರೆಸಿ.

ನನಗೆ ಜೆಸಿಬಿಗೆ ಎರಡು ಗಂಟೆ, ಟ್ರ್ಯಾಕ್ಟರಿಗೆ ಮೂರು ಲೋಡ್ ಬೇಕಾಯಿತು. ಟ್ರ್ಯಾಕ್ಟರಿನವರನ್ನು "ಎಲ್ಲಿ ಸುರಿಯುತ್ತೀರಿ" ಎಂದು ಕೇಳಿಯೇ ಕಳಿಸಿ. ಕೇಳದಿದ್ದರೆ ಅದು ರಿಂಗ್ ರೋಡ್ ಪಕ್ಕವೋ ಕೆರೆ ಅಂಗಳವೋ ಸೇರುತ್ತದೆ. ಪಾಲಿಕೆಯ ವಲಯ ಕಚೇರಿಯಲ್ಲಿ ಕಟ್ಟಡದ ಮಣ್ಣು ಎಲ್ಲಿ ಹಾಕಬೇಕೆಂದು ಕೇಳಿಕೊಂಡು, ಅಲ್ಲಿಗೇ ಹೊಡೆಸಿ. ಮೋರಿಗೆ ತಳ್ಳಿಸುವ ಮಾತಂತೂ ಬೇಡವೇ ಬೇಡ. ಕೊನೆಗೆ ನೆಲವನ್ನು ಮಟ್ಟ ಮಾಡಿಸಿ. ಜೆಸಿಬಿ ಚಕ್ರದ ಗುಂಡಿಯಲ್ಲೂ ನೀರು ನಿಲ್ಲುತ್ತದೆ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು.

ಇಷ್ಟಕ್ಕೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಇಪ್ಪತ್ತು ದಿನದಲ್ಲಿ ಮತ್ತೆ ಎರಡು ಚೀಲ ಕಸ ಬಿದ್ದಿತ್ತು. ಇಲ್ಲೇ ಜಾಸ್ತಿ ಗಮನ ಕೊಡಬೇಕು. ಒಂದು ಚೀಲ ಎರಡು ದಿನ ಉಳಿದರೆ ಅದು ಹತ್ತಾಗುತ್ತದೆ. ಯಾರೂ ನೋಡಿಕೊಳ್ಳುತ್ತಿಲ್ಲ ಅನ್ನುವುದು ದಾರಿಯಲ್ಲಿ ಹೋಗುವವರಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಮೊದಲ ಮೂರು ತಿಂಗಳು ಅದೇ ಬೀದಿಯ ಒಬ್ಬರಿಗೆ ದುಡ್ಡು ಕೊಟ್ಟು, ವಾರಕ್ಕೆ ಎರಡು ಸಲ ಬಿದ್ದದ್ದನ್ನು ತೆಗೆಸಿ. ನಾನು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದೆ. ಅವರು ಪ್ರತಿ ಸಲವೂ ಫೋಟೋ ಕಳಿಸುತ್ತಿದ್ದರು.

ಬೇಲಿಗೆ ತಗಡು ಬೇಡ. ತಗಡಿನ ಹಿಂದೆ ಏನು ಬಿದ್ದರೂ ಕಾಣುವುದಿಲ್ಲ, ಹಾಕುವವರಿಗೆ ಅದೇ ಅನುಕೂಲ. ಕಲ್ಲು ಕಂಬ ನೆಟ್ಟು ತಂತಿ ಜಾಲರಿ ಹಾಕಿಸಿ. ನಿಮ್ಮ ಫೋನ್ ನಂಬರ್ ಬರೆದ ಒಂದು ಬೋರ್ಡ್ ಹಾಕಿ. "ಕಸ ಹಾಕಬಾರದು" ಅನ್ನುವ ಸಾಲಿಗಿಂತ ಆ ನಂಬರೇ ಹೆಚ್ಚು ಕೆಲಸ ಮಾಡಿತು. ಬೀದಿಯವರು ನನಗೆ ನೇರವಾಗಿ ಫೋನ್ ಮಾಡತೊಡಗಿದರು.

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ಮಳೆ ಬಂದು ನೆಲ ಮೆತ್ತಗಿರುವಾಗ ಬೇರು ಸಮೇತ ಕೀಳಿಸಬೇಕು. ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಒಂದೊಂದು ಗಿಡದಿಂದ ಸಾವಿರಗಟ್ಟಲೆ ಬೀಜ ಉದುರುತ್ತದೆ. ಮೈ ಕಡಿತ, ಉಬ್ಬಸ ಇರುವವರು ಹತ್ತಿರ ಹೋಗಬೇಡಿ. ಕಿತ್ತ ಜಾಗ ಖಾಲಿ ಬಿಟ್ಟರೆ ಅದೇ ವಾಪಸ್ ಬರುತ್ತದೆ. ನಾನು ಆಗಸ್ಟ್ ಕೊನೆಗೆ ಹುರುಳಿ ಚೆಲ್ಲಿಸಿದೆ. ನೆಲ ಮುಚ್ಚಿಕೊಂಡು ಹಬ್ಬಿತು, ಕಳೆ ಅರ್ಧಕ್ಕರ್ಧ ಕಡಿಮೆಯಾಯಿತು. ಹುರುಳಿ ಬೆಳೆದ ಜಾಗಕ್ಕೆ ಕಸ ಎಸೆಯಲು ಜನರಿಗೂ ಮನಸ್ಸು ಬರಲಿಲ್ಲ.

ನೀವು ಸೈಟಿನ ಪಕ್ಕದ ಮನೆಯವರಾ? ಆ ಅಜ್ಜಿಗೆ ನನ್ನ ನಂಬರ್ ಸಿಗಲು ಎರಡು ತಿಂಗಳು ಹಿಡಿದಿತ್ತು. ಮಾಲೀಕರು ಸಿಗದಿದ್ದರೆ ಕಾಯಬೇಡಿ. ಸೈಟ್ ನಂಬರ್, ರಸ್ತೆ, ದಿನಾಂಕ ಬರೆದ ಎರಡು ಫೋಟೋ ಇಟ್ಟು ವಲಯ ಕಚೇರಿಗೆ ಅರ್ಜಿ ಕೊಡಿ. ಒಂದು ಪ್ರತಿಯನ್ನು ಆರೋಗ್ಯ ನಿರೀಕ್ಷಕರಿಗೂ ಕೊಡಿ. ನೀರು ನಿಂತು ಹುಳು ಆಗಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಅಲ್ಲಿಂದ ಬರಬೇಡಿ. ಹದಿನೈದು ದಿನ ಬಿಟ್ಟು, ಅದೇ ಪ್ರತಿ ಹಿಡಿದು ಮತ್ತೆ ಹೋಗಿ.