ಪುನರ್ವಸುವಿನ ಗ್ರಹ ಹುಡುಕುವುದು ಹೇಗೆ

ಫೆಬ್ರವರಿಯಲ್ಲಿ ರಾತ್ರಿ ಒಂಬತ್ತೂವರೆಗೆ ಬನಶಂಕರಿಯ ನಮ್ಮ ಮನೆ ತಾರಸಿ ಹತ್ತಿ ನೀರಿನ ಟ್ಯಾಂಕ್ ಪಕ್ಕ ನಿಂತರೆ, ಬೀದಿದೀಪಗಳ ನಡುವೆಯೂ ಪುನರ್ವಸುವಿನ ಜೋಡಿ ನೆತ್ತಿಯಿಂದ ತುಸು ಉತ್ತರಕ್ಕೆ ಕಾಣುತ್ತದೆ. ನಮ್ಮಮ್ಮನ ಜನ್ಮನಕ್ಷತ್ರ ಅದು. ಜೋಡಿಯಲ್ಲಿ ಹೆಚ್ಚು ಹೊಳೆಯುವ, ಕಿತ್ತಳೆ ಛಾಯೆಯದು ಪೊಲಕ್ಸ್. 34 ಜ್ಯೋತಿರ್ವರ್ಷ ದೂರದಲ್ಲಿದೆ. ಒಡಲಿನ ಹೈಡ್ರೋಜನ್ ತೀರಿ, ಸೂರ್ಯನ ಸುಮಾರು 9 ಪಟ್ಟು ಅಗಲಕ್ಕೆ ಉಬ್ಬಿದೆ. ಅದಕ್ಕೊಂದು ಗ್ರಹವಿದೆ. ನನ್ನ ಬಿ.ಎಸ್ಸಿ. ಮಕ್ಕಳಿಗೆ ಮೊದಲು ಹುಡುಕಲು ಕೊಡುವುದು ಅದನ್ನೇ.

'ಗ್ರಹ ಅಡ್ಡ ಬಂದಾಗ ಬೆಳಕು ಕುಗ್ಗುತ್ತಲ್ಲ ಮೇಡಂ, ಅದನ್ನೇ ನೋಡೋಣ' ಅನ್ನುತ್ತಾರೆ. ಲೆಕ್ಕ ಹಾಕಿಸುತ್ತೇನೆ. ಗುರುಗ್ರಹದಷ್ಟು ದೊಡ್ಡದು ಅಡ್ಡ ಬಂದರೆ ಸೂರ್ಯನ ಬೆಳಕು ಶೇ. 1ರಷ್ಟು ಕುಗ್ಗೀತು. ನಕ್ಷತ್ರ 9 ಪಟ್ಟು ಅಗಲವಾದರೆ ಆ ಕುಗ್ಗುವಿಕೆ 81 ಪಟ್ಟು ಸಣ್ಣದು. ಹಾಗಾಗಿ ನಾವು ಹಿಡಿಯಬೇಕಾದದ್ದು ನಕ್ಷತ್ರದ ಓಲಾಟ. ಗ್ರಹ ಎಳೆದಂತೆಲ್ಲ ಪೊಲಕ್ಸ್ ಸೆಕೆಂಡಿಗೆ ಸುಮಾರು 40 ಮೀಟರ್ ವೇಗದಲ್ಲಿ ನಮ್ಮತ್ತ ಬಂದು ಹಿಂದೆ ಸರಿಯುತ್ತದೆ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯಲ್ಲಿನ, ಅಂದರೆ ರೋಹಿತದ, ಕಪ್ಪು ಗೆರೆಗಳೂ ಅದರ ಜೊತೆ ಸರಿಯುತ್ತವೆ; ಆ ಸರಿತದಿಂದಲೇ ವೇಗ ತಿಳಿಯುತ್ತದೆ.

ಬೇರೆ ನಕ್ಷತ್ರಗಳ ಗ್ರಹಗಳ ಮಾಹಿತಿ ಸಂಗ್ರಹವಾದ ನಾಸಾದ ಎಕ್ಸೋಪ್ಲಾನೆಟ್ ಆರ್ಕೈವ್‌ನಲ್ಲಿ ಇಂಥ ವೇಗದ ಅಳತೆಗಳು ಉಚಿತವಾಗಿ ಸಿಗುತ್ತವೆ. ಬೇರೆ ಬೇರೆ ವೀಕ್ಷಣಾಲಯಗಳು ವೇಗವನ್ನು ಅಳೆಯುವ ಸೊನ್ನೆ ಒಂದೇ ಅಲ್ಲ, ಪ್ರತಿಯೊಂದರ ಅಳತೆಗಳ ಸರಾಸರಿಯನ್ನು ಆ ಅಳತೆಗಳಿಂದಲೇ ಕಳೆಯಿರಿ. ಇದನ್ನು ಬಿಟ್ಟಿದ್ದರಿಂದ ಮೊದಲ ವರ್ಷ ನನಗೆ ಎರಡು ವಾರ ಹೋಯಿತು. ಆಮೇಲೆ ಪೈಥಾನ್‌ನ ಆಸ್ಟ್ರೋಪೈನಲ್ಲಿ ಲೊಂಬ್-ಸ್ಕಾರ್ಗಲ್ ಓಡಿಸಿ; ಬಿಡಿಬಿಡಿ ದಿನಗಳ ಅಳತೆಗಳಲ್ಲಿ ಯಾವ ಅವಧಿಯ ಅಲೆ ಅಡಗಿದೆ ಎಂದು ಹುಡುಕುವ ಲೆಕ್ಕ ಅದು. ಅದರ ನಕ್ಷೆಯಲ್ಲಿ 590 ದಿನಗಳ ಹತ್ತಿರ ಶಿಖರ ಏಳುತ್ತದೆ.

ಶಿಖರ ಕಂಡಾಕ್ಷಣ ಗ್ರಹ ಸಿಕ್ಕಿತು ಅನ್ನಬೇಡಿ. ದೈತ್ಯ ನಕ್ಷತ್ರ ಸುಮ್ಮನೆ ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಕಂಪಿಸುತ್ತದೆ. ಜೊತೆಗೆ ನಿಧಾನವಾಗಿ, ನೂರಾರು ದಿನಕ್ಕೊಮ್ಮೆ ತಿರುಗುತ್ತದೆ. ಅದರ ಮೈಮೇಲಿನ ಕಲೆಗಳು ತಿರುಗಿ ಬಂದಾಗ ಗ್ರಹದಂಥದ್ದೇ ಅಲೆ ಮೂಡುತ್ತದೆ. ಅದಕ್ಕೇ ಹಿಪಾರ್ಕೋಸ್ ಉಪಗ್ರಹದ ಹೊಳಪಿನ ಅಳತೆಗಳಲ್ಲಿ ಅದೇ ಅವಧಿ ಇದೆಯೇ ನೋಡಿ. ಗೆರೆಗಳ ಆಕಾರ ಬದಲಾಗುತ್ತಿದೆಯೇ ನೋಡಿ. ಇವೆರಡರಲ್ಲಿ ಯಾವುದು ಕಂಡರೂ ಕಲೆಯ ಮೇಲೆ ಅನುಮಾನ. ಗ್ರಹದ ಎಳೆತವಾದರೆ ಗೋಚರ ಬೆಳಕಿನಲ್ಲೂ ಅವಕೆಂಪಿನಲ್ಲೂ ಓಲಾಟ ಅಷ್ಟೇ ಇರುತ್ತದೆ, ಕಲೆಯಾದರೆ ಸಾಮಾನ್ಯವಾಗಿ ಅಷ್ಟೇ ಇರದು.

ನನಗೆ ಇದನ್ನು ಕಲಿಸಿದ್ದು ಗಾಮಾ ಡ್ರಕೋನಿಸ್ ಎಂಬ ಇನ್ನೊಂದು ದೈತ್ಯ ನಕ್ಷತ್ರ. 2003ರಿಂದ 2011ರವರೆಗಿನ ಅಳತೆಗಳಲ್ಲಿ 702 ದಿನಗಳ ಅಚ್ಚುಕಟ್ಟಾದ ಅಲೆ, ಗುರುವಿಗಿಂತ 10 ಪಟ್ಟು ಭಾರದ ಗ್ರಹ ಅನ್ನಿಸುವಂತೆ. ಆಮೇಲೆ ಅಲೆ ಮಾಯವಾಯಿತು; 2014ರಲ್ಲಿ ಹೊತ್ತು ತಪ್ಪಿ ಮರಳಿತು. ಗ್ರಹ ಹಾಗೆ ರಜೆ ಹಾಕುವುದಿಲ್ಲ. 2018ರಲ್ಲಿ ಅದು ಗ್ರಹವಲ್ಲ, ನಕ್ಷತ್ರದ್ದೇ ಏರಿಳಿತ ಎಂಬ ತೀರ್ಮಾನ ಬಂತು. ಪೊಲಕ್ಸ್‌ನದು ಹಾಗಲ್ಲ: ಎರಡು ದಶಕಕ್ಕೂ ಹೆಚ್ಚಿನ ಅಳತೆಗಳಲ್ಲಿ ಅಲೆ ಹೆಜ್ಜೆ ತಪ್ಪಲಿಲ್ಲ, 2006ರಲ್ಲಿ ಗ್ರಹ ಖಚಿತವಾಯಿತು.

ನಿಮ್ಮ ಅಳತೆಗಳನ್ನೂ ವರ್ಷಗಳ ಪ್ರಕಾರ ಎರಡು ಭಾಗ ಮಾಡಿ, ಎರಡರಲ್ಲೂ ಅಲೆಯ ಏರಿಳಿತ ಹೊಂದುತ್ತದೆಯೇ ಪರೀಕ್ಷಿಸಿ. ಪೊಲಕ್ಸ್ ಮುಗಿದ ಮೇಲೆ ರೋಹಿಣಿಯನ್ನು ಎತ್ತಿಕೊಳ್ಳಿ. 2015ರಲ್ಲಿ ಅದಕ್ಕೆ ಗ್ರಹವಿದೆ ಎಂದರು, 2019ರಲ್ಲಿ ಇನ್ನೊಂದು ತಂಡ ಅದನ್ನು ಒಪ್ಪಲಿಲ್ಲ. ಈ ಸೆಮಿಸ್ಟರ್ ನನ್ನ ಮಕ್ಕಳು ಅದರ ಮೇಲೆ ಕೂತಿದ್ದಾರೆ.