17×13 ಚೌಕದೊಳಗೆ ಒಂದು ಊರು ಕಟ್ಟೋದು ಹೇಗೆ?

ನಾನು ವಿಡಿಯೋ ಗೇಮಿಗೆ ಅಂತ ಮೊದಲ್ನೇ ಸಲ ಮಾಡಿದ ಊರಿನ ಮ್ಯಾಪು 100×100 ಟೈಲ್ (ಮ್ಯಾಪು ಜೋಡಿಸೋ ಚೌಕಾಕಾರದ ಚಿತ್ರದ ತುಂಡು) ಇತ್ತು. ದೊಡ್ಡದಿದ್ರೆ ಚೆನ್ನಾಗಿರತ್ತೆ ಅನ್ನೋ ಭ್ರಮೆ. ಎಂಟು ಮನೆ, ಒಂದು ಅಂಗಡಿ, ಮಿಕ್ಕಿದ್ದೆಲ್ಲ ಹಸಿರು ಬಟಾಬಯಲು. ಅಕ್ಕನ ಮಗನ ಕೈಗೆ ಆಡೋಕೆ ಕೊಟ್ಟೆ, ಸ್ವಲ್ಪ ಹೊತ್ತು ಬಾಣದ ಕೀ ಒತ್ಕೊಂಡೇ ಕೂತಿದ್ದು "ಮಾಮ, ಇದ್ರಲ್ಲಿ ನಡೆಯೋದೇನಾ ಆಟ?" ಅಂದ. ಲೆಕ್ಕ ಹಾಕಿದ್ರೆ ಅವನದ್ದೇನೂ ತಪ್ಪಿಲ್ಲ, ಆರ್‌ಪಿಜಿ ಮೇಕರ್ ಎಂವಿಯಲ್ಲಿ (ಆಟ ಮಾಡೋ ಸಾಫ್ಟ್‌ವೇರು, 2015ರದ್ದು, ನಾನಿನ್ನೂ ಅದ್ರಲ್ಲೇ ಇದೀನಿ) ಹೀರೋ ಮಾಮೂಲಿ ಸ್ಪೀಡಲ್ಲಿ ಸೆಕೆಂಡಿಗೆ ನಾಲ್ಕು ಟೈಲ್ ಕೂಡ ದಾಟಲ್ಲ, ಈ ತುದಿಯಿಂದ ಆ ತುದಿಗೆ ಹೋಗೋಕೆ ಹತ್ರತ್ರ ಅರ್ಧ ನಿಮಿಷ ಬೇಕು.

ಹಾಗಾಗಿ ಮೊದಲು ಸಾಫ್ಟ್‌ವೇರ್ ಮುಚ್ಚಿ ಒಂದು ಹಾಳೆ ತಗೊಳ್ಳಿ. ಊರಲ್ಲಿ ಯಾರಿದಾರೆ, ನೀರು ಎಲ್ಲಿಂದ ತರ್ತಾರೆ, ಸಂಜೆ ಹೊತ್ತು ಎಲ್ಲಿ ಕೂತ್ಕೋತಾರೆ, ಹೊರಗಿನೋರು ಯಾವ ಕಡೆಯಿಂದ ಬರ್ತಾರೆ, ಇಷ್ಟು ಬರ್ಕೊಂಡ್ರೆ ದಾರಿಗಳು ತಾವೇ ಹುಟ್ಕೋತವೆ. ಬಾವಿಗೂ ಮನೆಗೂ ಮಧ್ಯೆ ಒಂದು ಕಾಲುದಾರಿ ಇರ್ಲೇಬೇಕಲ್ಲ. ಮನೆ ಇಟ್ಟು ಆಮೇಲೆ ದಾರಿ ಎಳೆದ್ರೆ ಹೊಸ ಲೇಔಟಿನ ಸೈಟುಗಳ ಥರ ಕಾಣತ್ತೆ, ನಾನು ಮಾಡಿದ್ದು ಅದನ್ನೇ.

ಆಮೇಲೆ ಸೈಜು. ಎಂವಿಯಲ್ಲಿ ಒಂದು ಟೈಲು 48×48 ಪಿಕ್ಸೆಲ್, ಆಟದ ಸ್ಕ್ರೀನು 816×624, ಅಂದ್ರೆ ಆಡೋನಿಗೆ ಒಂದು ಸಲಕ್ಕೆ ಕಾಣೋದು ಅಡ್ಡ 17, ಉದ್ದ 13 ಟೈಲು ಮಾತ್ರ. ನೀವು ಎಡಿಟರ್‌ನಲ್ಲಿ ಝೂಮ್ ಔಟ್ ಮಾಡಿ "ಆಹಾ ಎಷ್ಟು ತುಂಬ್ಕೊಂಡಿದೆ" ಅಂತ ಖುಷಿಪಡ್ತಿರ್ತೀರ, ಅವನಿಗೆ ಆ 17×13 ಕಿಟಕಿಯಲ್ಲಿ ಬರೀ ಹುಲ್ಲು. ಚಿಕ್ಕ ಊರಿಗೆ 35×30 ಧಾರಾಳ ಸಾಕು. ಎಲ್ಲಿ ನಿಂತ್ರೂ ಕಿಟಕಿಯೊಳಗೆ ಕಣ್ಣು ನಿಲ್ಲೋಂಥದ್ದು ಒಂದಾದ್ರೂ ಇರ್ಬೇಕು, ಒಂದು ಕಟ್ಟೆನೋ ಮುರಿದ ಗಾಡಿನೋ ಏನೋ ಒಂದು.

ಈಗ ನೆಲ. ಟೈಲ್ ಅಂದ್ರೆ ಚೌಕ, ಚೌಕ ಅಂದ್ರೆ ನೇರ ಗೆರೆ, ಆ ನೇರ ಗೆರೆನೇ ನಮ್ಮ ಶತ್ರು. ರಂಗೋಲಿ ನೆನಪು ಮಾಡ್ಕೊಳ್ಳಿ, ಚುಕ್ಕಿ ಸಾಲಾಗೇ ಇಡ್ತಾರೆ ಆದ್ರೆ ಎಳೆ ಬಳ್ಕೊಂಡು ಹೋಗತ್ತೆ, ಮುಗಿದ್ಮೇಲೆ ಚುಕ್ಕಿ ಯಾರ ಕಣ್ಣಿಗೂ ಬೀಳಲ್ಲ. ದಾರಿನೂ ಹಂಗೇ. ಆದ್ರೆ ಸುಮ್ನೆ ಹಾವಿನ ಥರ ತಿರುಗಿಸ್ಬೇಡಿ, ತಿರುವಿಗೊಂದು ಕಾರಣ ಬೇಕು: ಅಲ್ಲೊಂದು ಮರ ಇತ್ತು, ಬಂಡೆ ಇತ್ತು, ಯಾರದೋ ಬೇಲಿ ಅಡ್ಡ ಬಂತು. ದೊಡ್ಡ ದಾರಿ ಎರಡು ಟೈಲ್ ಅಗಲ, ಓಣಿ ಒಂದೇ ಟೈಲು.

ಒಂದು ಹೊಂಡ ಮಾಡಿ ತೋರಿಸ್ತೀನಿ. ನೀರಿನ ಟೈಲ್ ತಗೊಂಡು 6×4 ಬಳೀರಿ, ಈಜುಕೊಳದ ಥರ ಆಯ್ತಾ? ಈಗ ಮೇಲಿನ ಎಡ ಮೂಲೆಯಿಂದ ಎರಡು ಟೈಲ್ ಹುಲ್ಲು ಮಾಡಿ, ಕೆಳಗಿನ ಬಲ ಮೂಲೆಯಿಂದ ಒಂದು, ಬಲಗಡೆ ಪಕ್ಕಕ್ಕೆ ಒಂದರ ಕೆಳಗೊಂದು ಎರಡು ನೀರು ಸೇರಿಸಿ. ಅಂಚಿನ ತಲೆಬಿಸಿ ಬೇಡ, ಇದು ಆಟೋಟೈಲ್, ಸುತ್ತಲಿನ 8 ಟೈಲ್ ನೋಡ್ಕೊಂಡು ದಡ ತಾನೇ ಹಾಕ್ಕೊಳತ್ತೆ. ಒಂದೇ ಟೈಲ್ ಅಗಲದ ಬಾಲ ಮಾತ್ರ ಬಿಡ್ಬೇಡಿ, ಎರೆಹುಳ ಅಂಟ್ಕೊಂಡ ಹಾಗೆ ಕಾಣತ್ತೆ. ಒಂದು ದಡಕ್ಕೆ ಮಾತ್ರ ಜೊಂಡು ಹಾಕಿ, ದಾರಿ ಬರೋ ಕಡೆ ಎರಡು ಕಲ್ಲು. ಇನ್ನೊಂದು ದಡ ಖಾಲಿನೇ ಇರ್ಲಿ. ನಾಲ್ಕೂ ಕಡೆ ಹೂವು ಹಾಕೋ ಚಟ ಎಲ್ರಿಗೂ ಇರತ್ತೆ, ಆಮೇಲೆ ಅದು ಹೊಂಡ ಅಲ್ಲ ಮದುವೆ ಮಂಟಪ.

ಮರಕ್ಕೂ ಇದೇ ಮಾತು. ಇಲ್ಲೊಂದು ಅಲ್ಲೊಂದು ಅಂತ ಉಪ್ಪು ಉದುರಿಸಿದ ಹಾಗೆ ಹಾಕ್ಬೇಡಿ, ಮೂರು ಐದು ಅಂತ ಗುಂಪು ಮಾಡಿ, ಒಂದರ ತಲೆ ಇನ್ನೊಂದರ ಬುಡಕ್ಕೆ ಮರೆಯಾಗೋ ಥರ. ಎಂವಿಯಲ್ಲಿ ಮರದ ಟೈಲ್ ಮೇಲೆ ಇನ್ನೊಂದು ಇಟ್ರೆ ಹಳೇದು ಅಡಿಗೆ ಜಾರತ್ತೆ, ಲೇಯರ್ (ಒಂದರ ಮೇಲೊಂದು ಕೂರೋ ಪದರ) ನಾವೇ ಆರಿಸೋ ಸೌಲಭ್ಯ ಬಂದಿದ್ದು ಇದರ ಮುಂದಿನ ಆವೃತ್ತಿ, 2020ರ ಎಂಝಡ್‌ನಲ್ಲಿ. ಟೈಲ್ಡ್ ಅನ್ನೋ ಫ್ರೀ ಎಡಿಟರ್ ಬಳಸ್ತಿದ್ರೆ ಈ ಗೋಳೇ ಇಲ್ಲ, ಎಷ್ಟು ಲೇಯರ್ ಬೇಕೋ ಅಷ್ಟು ಹಾಕ್ಕೋಬೋದು.

ದಿಬ್ಬ ಮಾಡ್ತೀರಾದ್ರೆ ಎತ್ತರ ಎಣಿಸಿ. ಗೋಡೆ ಎಡಕ್ಕೆ ಎರಡು ಟೈಲ್, ಬಲಕ್ಕೆ ಮೂರು ಟೈಲ್ ಇದ್ದು ಮೇಲೆ ನೆಲ ಒಂದೇ ಮಟ್ಟ ಅಂದ್ರೆ ಆಡೋನಿಗೆ ಏನು ತಪ್ಪು ಅಂತ ಗೊತ್ತಾಗ್ದಿದ್ರೂ ಏನೋ ವಕ್ರ ಅನ್ಸತ್ತೆ. ಮೆಟ್ಟಿಲೂ ಅಷ್ಟೇ ಎತ್ತರ ಇರ್ಬೇಕು.

ಬೇರೆಯೋರ ಟೈಲ್‌ಸೆಟ್ (ಟೈಲ್ ಚಿತ್ರಗಳ ಕಟ್ಟು) ಇಳಿಸ್ಕೊಂಡ್ರೆ ಲೈಸೆನ್ಸ್ ಓದಿ, ಹೆಸರು ಹಾಕಿ ಅಂದಿದ್ರೆ ಹಾಕಿ. ಸೈಜೂ ನೋಡಿ. 16 ಪಿಕ್ಸೆಲಿಂದು 48ಕ್ಕೆ ಸರಿಯಾಗಿ ಮೂರು ಪಟ್ಟು ಹಿಗ್ಗತ್ತೆ, ಚೆನ್ನಾಗೇ ಇರತ್ತೆ. 32ರದ್ದು ಒಂದೂವರೆ ಪಟ್ಟು ಆಗ್ಬೇಕು, ಒಂದು ಪಿಕ್ಸೆಲ್ ದಪ್ಪ ಒಂದು ಸಣ್ಣ ಆಗಿ ಮುಖವೆಲ್ಲ ಕೆಟ್ಟೋಗತ್ತೆ. ಎರಡು ಮೂರು ಜನರ ಕೈಯಿಂದ ಬಂದ ಟೈಲ್ ಬೆರೆಸಿದ್ರೆ ಬಣ್ಣದಲ್ಲೇ ಸಿಕ್ಕಿಬೀಳ್ತೀರ, ಒಂದೇ ಕೈಯದ್ದನ್ನ ಇಟ್ಕೊಂಡು ಕಡಿಮೆ ಬಿದ್ದಿದ್ದನ್ನ ನೀವೇ ಬಿಡಿಸೋದು ವಾಸಿ.

ಕೊನೆಗೆ ನಡೆದಾಡೋ ಸೆಟ್ಟಿಂಗು. ಟೈಲ್‌ಸೆಟ್‌ನಲ್ಲಿ ಒಂದೊಂದಕ್ಕೂ ಸೊನ್ನೆ, ಗುಣಿಸು ಗುರುತು, ನಕ್ಷತ್ರ ಅಂತ ಮೂರಿದೆ: ಸೊನ್ನೆ ಅಂದ್ರೆ ಮೇಲೆ ನಡೀಬೋದು, ಗುಣಿಸು ಅಂದ್ರೆ ಅಡ್ಡಿ, ನಕ್ಷತ್ರ ಅಂದ್ರೆ ಹೀರೋ ಅದರ ಹಿಂದೆ ಮರೆಯಾಗ್ತಾನೆ. ಮರದ ಬುಡಕ್ಕೆ ಗುಣಿಸು, ತಲೆಗೆ ನಕ್ಷತ್ರ. ಇದೊಂದು ಸರಿ ಮಾಡಿದ್ರೆ ಚಪ್ಪಟೆ ಚಿತ್ರಕ್ಕೆ ಆಳ ಬಂದ್ಬಿಡತ್ತೆ, ನಂಗೆ ಈಗ್ಲೂ ಮರದ ಹಿಂದೆ ಹೋಗಿ ಬಂದು ಮಾಡೋದಂದ್ರೆ ಖುಷಿ. ನಾನು ಮರೆತು ಅಂಗಡಿ ಮಾಡಿನ ಒಂದು ಹೆಂಚಿಗೆ ಸೊನ್ನೆ ಬಿಟ್ಟಿದ್ದೆ, ಹೀರೋ ಬೆಕ್ಕಿನ ಥರ ಮಾಡು ಹತ್ತಿ ನಿಂತಿದ್ದ.

ಟೆಸ್ಟ್ ಮಾಡೋವಾಗ ಬೇರೆಯೋರ ಕೈಗೆ ಕೊಟ್ಟು ಹಿಂದೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ, ಎಲ್ಲಿ ತಡವರಿಸ್ತಾರೆ ಅಂತ ಬರ್ಕೊಳ್ಳಿ. ಹೊಸ ಮ್ಯಾಪನ್ನ ಅದೇ ಹುಡುಗನಿಗೆ ಕೊಟ್ಟೆ, ಅಂಗಡಿ ಒಂದೇ ಸಲಕ್ಕೆ ಸಿಕ್ತು, ಅಲ್ಲಿಂದ ನೇರ ಬಾವಿ ಹತ್ರ ಹೋಗಿ ಎಂಟರ್ ಕೀ ಕುಟ್ತಾ "ಇದ್ರೊಳಗೆ ಏನಿದೆ ಮಾಮ?" ಅಂದ. ಏನೂ ಇರ್ಲಿಲ್ಲ. ಈಗ ಕೊಡ ಇಳಿಸಿದ್ರೆ ಒಂದು ಕಪ್ಪೆ ಬರತ್ತೆ.